ಹಗೇವು ತೆಗೆದ ಮಳೆಗಾಲ

ಅರವತ್ತರ ದಶಕದ ಆ ಮಳೆಗಾಲದಲ್ಲಿ ಪತ್ರಿಕೆ ಬಿಡಿಸಿದರೆ ಸಾಕು, ದೇಶ ಇವತ್ತೋ ನಾಳೆಯೋ ಮುಳುಗುತ್ತದೆ ಅನ್ನಿಸುತ್ತಿತ್ತು. ರೂಪಾಯಿ ಬೆಲೆ ಬಿತ್ತು, ರೇಷನ್ ಅಕ್ಕಿ ಕಡಿಮೆಯಾಯಿತು, ಬರ ಬರುತ್ತದೆ. ಅಪ್ಪ ಹೆಬ್ಬಾಳದ ಹೋಟೆಲಿನಲ್ಲಿ ಅದನ್ನೆಲ್ಲ ಓದಿಕೊಂಡು ಬಂದು ಸಾವಿನ ಸುದ್ದಿ ಹೇಳುವ ದನಿಯಲ್ಲಿ ನಮಗೆ ಒಪ್ಪಿಸುತ್ತಿದ್ದ. ನಾನು ಮುದ್ದೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

ಅಜ್ಜಿ ಮಾತ್ರ ಜಗ್ಗುತ್ತಿರಲಿಲ್ಲ. "ಓಟ್ಲು ಸುದ್ದಿ ಓಟ್ಲಲ್ಲೇ ಬಿಟ್ಟು ಬಾ ಕಣಪ್ಪ. ಅಗೇವು ಮುಚ್ಚೈತೆ, ಒಲದಲ್ಲಿ ಪೈರೈತೆ. ಇನ್ನೇನ್ ಬೇಕು?"

ಹಗೇವು ಎಂದರೆ ಹಿತ್ತಿಲ ನೆಲದೊಳಗೆ ತೋಡಿದ ರಾಗಿಯ ಕಣಜ. ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಒಮ್ಮೆ ತೆಗೆದರೆ ಮಾತ್ರ ಪೂರ್ತಿ ಬರಿದು ಮಾಡಲೇಬೇಕು. ಅದಕ್ಕೇ ನಮ್ಮ ಬೀದಿಯಲ್ಲಿ ಸರದಿಯಿತ್ತು. ಒಬ್ಬರು ತೆಗೆದರೆ ಎಲ್ಲರೂ ಕಡ ಒಯ್ಯುವುದು, ತಮ್ಮದು ತೆಗೆದಾಗ ತೀರಿಸುವುದು. ಮಳೆ ನಿಂತ ಮೇಲೆ ನಮ್ಮ ಸರದಿ.

ಅಜ್ಜಿ ಯಲಹಂಕದಲ್ಲಿದ್ದ ಮಗಳ ಮನೆಗೆ ಹೋದಾಗ ಅಪ್ಪನಿಗೆ ತಡೆಯಲಾಗಲಿಲ್ಲ. ರಾಗಿ ಇದೆಯೋ ಇಲ್ಲವೋ, ಕಣ್ಣಾರೆ ನೋಡಬೇಕು. ಬೀದಿಗೆ ತಿಳಿದರೆ ಹಂಚಬೇಕಾಗುತ್ತದೆಂದು, ಎಲ್ಲರೂ ಹೊಲಕ್ಕೆ ಹೋಗಿದ್ದ ಹೊತ್ತು ನೋಡಿ ಚಪ್ಪಡಿ ಸರಿಸಿದ. ಒಳಗೆ ಕೆಟ್ಟ ಗಾಳಿ ಇದೆಯೋ ಎಂದು ದೀಪ ಇಳಿಬಿಟ್ಟು, ಅದು ಆರುವುದಿಲ್ಲವೆಂದು ಖಾತ್ರಿಯಾದ ಮೇಲೆ ಇಳಿದು ಒಂದು ಹಿಡಿ ತಂದ. ರಾಗಿ ಕೆಂಪಗೆ ಒಣಗಿಕೊಂಡೇ ಇತ್ತು. ಎಷ್ಟೋ ದಿನಗಳ ಮೇಲೆ ಅಪ್ಪ ನಕ್ಕ. ಅವಸರದಲ್ಲಿ ಮತ್ತೆ ಬಾಯಿ ಮೆತ್ತಿದ. ಅಂದು ಸಂಜೆ ಹಿಡಿದ ಮಳೆ ವಾರವಾದರೂ ಬಿಡಲಿಲ್ಲ.

ಮಳೆ ನಿಂತು, ಅಜ್ಜಿಯೂ ಯಲಹಂಕದಿಂದ ಮರಳಿದ ಮೇಲೆ, ನಮ್ಮ ಸರದಿಯ ದಿನ ಬೀದಿಯವರೆಲ್ಲ ಮಂಕರಿ ಹಿಡಿದು ನಿಂತಿದ್ದರು. ಚಪ್ಪಡಿ ಸರಿದದ್ದೇ ಹುಳಿ ನಾತ ಮುಖಕ್ಕೆ ಬಡಿಯಿತು. ಒಳಗೆ ನೀರು ಇಳಿದು ರಾಗಿ ಕಪ್ಪು ಹೆಂಟೆಯಾಗಿತ್ತು. ದನವೂ ಮೂಸಲಿಲ್ಲ. ಅಪ್ಪ ತಾನು ಮಾಡಿದ್ದನ್ನು ಎಲ್ಲರೆದುರು ಹೇಳಿಬಿಟ್ಟ. ಕೊಯ್ಲು ಇನ್ನೂ ದೂರವಿತ್ತು. ಮನೆಯಲ್ಲಿದ್ದದ್ದು ಮಡಕೆಯ ತಳದ ಹಿಟ್ಟು. ಪತ್ರಿಕೆಯ ಬರ ಊರಿಗೆ ಬರಲಿಲ್ಲ, ನಮ್ಮ ಮನೆಗೆ ಬಂತು. ಅಪ್ಪನ ಮೇಲೆ ಆಗ ಬಂದ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಪಕ್ಕದ ಮನೆಯ ದೊಡ್ಡವ್ವ, ತಮ್ಮ ಸರದಿ ಬಾರದಿದ್ದರೂ, ಮರುದಿನವೇ ಹಗೇವು ತೆಗೆಸಿದರು. ಮೊದಲ ಮಂಕರಿ ನಮ್ಮ ಜಗುಲಿಗೇ ಬಂತು. ಅಪ್ಪ ಕೈ ನೀಡಲಿಲ್ಲ.

"ಎಲ್ರೂ ಉಪ್ವಾಸ ಬೀಳ್ತಾರೆ ಅಂತ ಪೇಪರ್ನಲ್ಲಿ ಬರ್ದಿದ್ರಲ್ಲವ್ವ," ಅಂದ ಅಜ್ಜಿಗೆ.

"ಬರ್ದೋರು ನಮ್ ಬೀದಿ ನೋಡಿರ್ಲಿಲ್ಲ ಕಣಪ್ಪ. ನೀನು ನೋಡಿದ್ದೆ."

ಅಪ್ಪ ಟವಲು ಒಡ್ಡಿದ. ಸುರಿಯುವಾಗ ಒಂದಷ್ಟು ರಾಗಿ ನೆಲಕ್ಕೆ ಚೆಲ್ಲಿತು. ಮಂಡಿಯೂರಿ ಒಂದೊಂದೇ ಕಾಳು ಆಯತೊಡಗಿದ.