ಅರ್ಧಕ್ಕೆ ನಿಂತ ಆರತಿ ಹಾಡು

ಮಗಳು ಹೊಟ್ಟೆಯಲ್ಲಿದ್ದಾಗ ನನಗೆ ಕೊರೋನಾ ಬಂತು. ಆಗ ಏಳು ತಿಂಗಳು ತುಂಬಿತ್ತು. ಶಿರಸಿಯ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಹಾಕಿಸಿಕೊಂಡು, ಎಡಮಗ್ಗುಲಾಗಿ ಮಲಗಿ, ಒಳಗಿನ ಕೂಸು ಒದೆಯುವುದನ್ನೇ ಕಾಯುತ್ತಿದ್ದೆ. ಅವಳು ಹುಟ್ಟಿದಳು, ಗಟ್ಟಿಯಾಗಿ ಅತ್ತಳು. ಅಲ್ಲಿಗೆ ಮನೆಯವರ ಮಟ್ಟಿಗೆ ಆ ಕಾಯಿಲೆ ಮುಗಿಯಿತು.

ಮಗು ನಡೆಯಲು ಕಲಿತ ಮೇಲೂ ನಾನು ಕೊಡ ಎತ್ತಿದರೆ ಎದೆ ಡವಗುಟ್ಟುತ್ತಿತ್ತು. ಎಣ್ಣೆ ಕಾಯಲಿಟ್ಟು, ಯಾತಕ್ಕೆ ಇಟ್ಟೆನೆಂದೇ ಮರೆತು ನಿಲ್ಲುತ್ತಿದ್ದೆ. ಬಟ್ಟೆ ಒಗೆದ ದಿನ ಮಧ್ಯಾಹ್ನ ಏಳಲಾಗುತ್ತಿರಲಿಲ್ಲ. ಬನವಾಸಿ ಕಡೆಯ ನಮ್ಮ ಓಣಿಯಲ್ಲಿ ಹಗಲು ಮಲಗುವ ಸೊಸೆ ಅಂದರೆ ಸಣ್ಣ ಮಾತಲ್ಲ. ಅತ್ತೆ ಬೈಯುತ್ತಿರಲಿಲ್ಲ. ಬಂದವರ ಮುಂದೆ, “ಈಗಿನ ಹುಡ್ಗ್ಯಾರಿಗೆ ಕಸುವಿಲ್ಲ ಬಿಡ್ರಿ,” ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಬಾಗಿಲು ಸದ್ದಾಗದಂತೆ ಮುಚ್ಚಿ ಮಲಗುವುದನ್ನು ರೂಢಿಸಿಕೊಂಡೆ. ಯಾರಾದರೂ ಬಂದರೆ, ಇಷ್ಟು ಹೊತ್ತೂ ಬಟ್ಟೆ ಮಡಚುತ್ತಿದ್ದವಳಂತೆ ಹೊರಬರುತ್ತಿದ್ದೆ.

ಕಳೆದ ವರ್ಷ ನಾದಿನಿಯ ಕುಬಸ ನಮ್ಮ ಮನೆಯಲ್ಲೇ ಆಯಿತು. ಚೊಚ್ಚಲ ಬಸುರಿ ಹಸಿರು ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು ಕೂತಿದ್ದಳು. ಮದುವೆಯಾಗಿ ಬಂದಾಗಿನಿಂದ ಇಂಥ ಕಾರ್ಯಗಳಲ್ಲಿ ಆರತಿ ಹಾಡು ನನ್ನದೇ. ತಟ್ಟೆ ಹಿಡಿದು ಶುರುಮಾಡಿದೆ. ಎರಡನೇ ನುಡಿಗೆ ದಮ್ಮು ಕಟ್ಟಿತು. ಉಸಿರೆಳೆದುಕೊಂಡು ಮತ್ತೆ ಬಾಯಿ ತೆರೆದರೆ ಮುಂದಿನ ಸಾಲೇ ಇಲ್ಲ. ಯಾರೋ ತಟ್ಟೆ ತೆಗೆದುಕೊಂಡರು. ಹಿಂದಿನಿಂದ ಒಬ್ಬ ಹೆಂಗಸು, “ಇಕಿನೂ ಮತ್ತ ಬಸ್ರಿ ಆಗ್ಯಾಳೇನ?” ಅಂದಳು. ಎಲ್ಲರೂ ನಕ್ಕರು.

ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತೆ. ನಾದಿನಿ ಬಳೆ ಸದ್ದುಮಾಡುತ್ತ ಹಿಂದೆಯೇ ಬಂದಳು.

“ವೈನಿ, ಏನಾತು? ಖರೇ ಹೇಳು.”

“ಏನಿಲ್ಲವ್ವಾ. ಒಳಗ ನಡಿ, ಮಂದಿ ಕಾಯಾಕತ್ಯಾರ.”

“ಕೊರೋನಾ ಆದಾಗಿಂದನೂ ಹಿಂಗ ಐತೇನು?”

ಬಸುರಿಯ ಮುಂದೆ, ಅದೂ ಕುಬಸದ ದಿನ, ಇಂಥದ್ದು ಹೇಳಬಾರದೆಂದುಕೊಂಡರೂ ಅಳು ಬಂದುಬಿಟ್ಟಿತು. ಎಲ್ಲ ಹೇಳಿದೆ. ಹೇಳುತ್ತಿರುವಾಗಲೇ ಅವಳ ತುಂಬಿದ ಕೆನ್ನೆ ಕಂಡು ಹೊಟ್ಟೆಕಿಚ್ಚಾಯಿತು. ಅದಕ್ಕಿಂತ ನಾಚಿಕೆ ಬೇರೆ ಬೇಕೆ?

“ಮತ್ತ ಇಷ್ಟ ದಿನ ಯಾಕ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ಕೂಸು ಚೊಲೋ ಐತಿ, ನಾನೂ ಉಳದೀನಿ. ಇನ್ನೇನು ಬೇಕು ಅಂತಾರ.”

ಮುಂದಿನ ಸಲ ತಪಾಸಣೆಗೆ ಶಿರಸಿಗೆ ಹೋಗುವಾಗ ಅವಳು ನನ್ನನ್ನೂ ಎಳೆದುಕೊಂಡು ಹೋದಳು. ಅತ್ತೆಯೂ ಬಂದರು. ಡಾಕ್ಟರಮ್ಮ ಇಸಿಜಿ, ರಕ್ತ ಪರೀಕ್ಷೆ ಮಾಡಿಸಿ, ಬೇರೆ ಕಾಯಿಲೆಯ ಗುರುತು ಕಾಣುವುದಿಲ್ಲ ಎಂದರು. “ಕೊರೋನಾ ಹೋದ ಮೇಲೂ ಕೆಲವರಿಗೆ ಹೀಗೆ ಉಳಿದುಬಿಡ್ತದೆ. ಬಸುರಿದ್ದಾಗ ಬಂದವರಲ್ಲೂ ಇದೆ. ಬಾಣಂತಿಯ ಸುಸ್ತು ಅಂತ ಎಲ್ಲರೂ ಸುಮ್ಮನಾಗ್ತಾರೆ. ಇದು ಮೈಗಳ್ಳತನ ಅಲ್ಲ. ದಣಿಯೋ ಮೊದಲೇ ಕೂತ್ಕೊಳ್ಳಿ.” ಯಾವಾಗ ವಾಸಿಯಾಗುತ್ತದೆ ಎಂದು ಕೇಳಿದೆ. ಹೇಳಲಾಗದು ಎಂದರು.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆಗೇ ಮುಖಮಾಡಿ ಕೂತಿದ್ದರು. ಇಳಿಯುವಾಗ ನನ್ನ ಚೀಲ ತಾವೇ ಎತ್ತಿಕೊಂಡು, “ತಿಳೀಲಾರದ ಮಾತಾಡಿದ್ನವ್ವಾ,” ಅಂದರು. ಮರುದಿನ ಪಕ್ಕದ ಮನೆಯವರು ನನ್ನನ್ನು ಕೇಳಿಕೊಂಡು ಬಂದಾಗ, “ಅಕಿಗೆ ಆರಾಮಿಲ್ಲ, ಮಲ್ಕೊಂಡಾಳ,” ಎಂದು ಓಣಿಗೆಲ್ಲ ಕೇಳುವಂತೆ ಹೇಳಿದರು. ಒಳಗಿದ್ದ ನಾನು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡೆ. ಅವರು ನನ್ನ ಪರವಾಗಿಯೇ ಮಾತಾಡಿದ್ದು. ಆದರೂ ಕಿವಿ ಬಿಸಿಯಾಗಿತ್ತು.

ಈಗ ಕೊಂಚ ಸುಧಾರಿಸಿದ್ದೇನೆ. ದಿನಾ ಮಗಳನ್ನು ಅಂಗನವಾಡಿಗೆ ಬಿಡಲು ಹೋಗುತ್ತೇನೆ. ದಾರಿಯಲ್ಲಿ ಒಂದು ಏರು ಇದೆ. ಅದರ ನಡುವಿಗೆ ಬಂದಾಗ ಅವಳೇ ನನ್ನ ಕೈ ಬಿಟ್ಟು ಮೋರಿಕಟ್ಟೆಯ ಮೇಲೆ ಹತ್ತಿ ಕೂರುತ್ತಾಳೆ.

“ಅವ್ವಾ, ನನಗ ಕಾಲು ನೋವಾತು. ಕುಂದ್ರೂಣು.”

ಅವಳಿಗೆ ಕಾಲುನೋವಿಲ್ಲ. ಪಕ್ಕದಲ್ಲೇ ಬೇರೆ ತಾಯಂದಿರು ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಸರಸರ ಏರುತ್ತಾರೆ. ನಾನು ತಲೆ ತಗ್ಗಿಸಿ ಅವಳ ಪಕ್ಕ ಕೂರುತ್ತೇನೆ.