ಕಿಟಕಿಯ ಬಳಿ ಹೇಳಿದ ಕಾರಣ

ಕುಷ್ಟಗಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು, ಚಹಾದ ತಟ್ಟೆ ಹಿಡಿದು ನಾನು ನಿಂತಿದ್ದೆ. ದಸರೆ ಮುಗಿದ ಮರುವಾರದ ಶುಕ್ರವಾರ, ಮಧ್ಯಾಹ್ನ. ಅಲ್ಲಿಂದ ಅಕ್ಕನ ಬೆನ್ನು, ಅಪ್ಪನ ಮುಖ ಎರಡೂ ಕಾಣುತ್ತಿದ್ದವು. ಅಕ್ಕನ ಮುಂದಿದ್ದ ಫೋನಿನ ಪರದೆ ಕಾಣುತ್ತಿರಲಿಲ್ಲ.

ಅಕ್ಕ ಹೊರದೇಶದಲ್ಲಿ ಫಾರ್ಮಸಿ ಓದುತ್ತಿದ್ದಳು. ರಜೆಗೆ ಊರಿಗೆ ಬಂದಾಗ ಮೂರ್ಛೆ ಬಂದು ಬಿದ್ದಳು, ಕೆಲವು ದಿನಗಳಲ್ಲಿ ಮತ್ತೊಮ್ಮೆ. ಕೊಪ್ಪಳದ ವೈದ್ಯರು ಗುಳಿಗೆ ಕೊಟ್ಟು, ಸದ್ಯಕ್ಕೆ ಓದು ನಿಲ್ಲಿಸಲಿ, ಒಬ್ಬಳೇ ಇರುವುದು ಬೇಡ ಎಂದರು. ನಿಲ್ಲಿಸಲು ಕಾಲೇಜಿನ ಒಪ್ಪಿಗೆ ಬೇಕಿತ್ತು. ಒಪ್ಪಿಗೆಯಿಲ್ಲದೆ ತರಗತಿ ತಪ್ಪಿದರೆ ವಿದ್ಯಾರ್ಥಿಯೆಂಬ ಮಾನ್ಯತೆ ರದ್ದಾಗುತ್ತದೆ. ಪಾಸ್‌ಪೋರ್ಟಿನಲ್ಲಿ ವೀಸಾದ ಅವಧಿ ಉಳಿದಿದ್ದರೂ ಅದು ಉಪಯೋಗಕ್ಕೆ ಬರುವುದಿಲ್ಲ.

ನಮ್ಮಲ್ಲಿ ಲಗ್ನವಾಗಬೇಕಾದ ಹುಡುಗಿಯ ಮೂರ್ಛೆಯ ಮಾತು ಹೊಸ್ತಿಲು ದಾಟಬಾರದು. ಗುಳಿಗೆಗಳನ್ನು ಸಹ ಕುಷ್ಟಗಿಯಲ್ಲಿ ಕೊಳ್ಳದೆ ಗಂಗಾವತಿಯಿಂದ ತರುತ್ತಿದ್ದೆವು. ಕಾಲೇಜಿಗೆ ಹೇಳಬೇಕಾದ ಕಾರಣವನ್ನು ಅಪ್ಪನ ಅಕ್ಕ, ನಮ್ಮ ಅತ್ತೆ, ಹುಡುಕಿಕೊಟ್ಟಳು.

“ಮನ್ಯಾಗ ಲಗ್ನ ಐತಿ ಅನ್ನವಾ. ಲಗ್ನ ಅಂದ್ರ ಯಾ ದೇಶದಾಗಾದ್ರೂ ರಜಾ ಕೊಡ್ತಾರ.”

ಅಕ್ಕ ಹಾಗೇ ಹೇಳಿದಳು. ಕಾಲೇಜಿನವರು ರಜೆ ಕೊಡಲಿಲ್ಲ. ಬೇರೆ ಕಾರಣವಿದ್ದರೆ ಆ ಶುಕ್ರವಾರ ನಾವೇ ಫೋನು ಮಾಡಿ ಕೇಳುತ್ತೇವೆ, ಅದೇ ಕೊನೆ ಎಂದರು.

ಅದೇ ಮಧ್ಯಾಹ್ನ ತಾವರಗೇರಾದಿಂದ ಗಂಡಿನ ಕಡೆಯವರು ಅಕ್ಕನನ್ನು ನೋಡಲು ಬಂದರು. ಸಂಜೆ ಬರುತ್ತೇವೆ ಎಂದಿದ್ದವರು. ಹುಡುಗನ ತಾಯಿ, ಮತ್ತು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಅವನ ದೊಡ್ಡಪ್ಪ. ಅವರು ಕೂತ ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಚಾರ್ಜಿಗೆ ಹಾಕಿದ್ದ ಫೋನು ಬಡಿದುಕೊಂಡಿತು.

“ಮಾಳಗಿ ಮ್ಯಾಲೆ ಹೋಗಿ ಮಾತಾಡವಾ,” ಎಂದಳು ಅತ್ತೆ.

“ಇಲ್ಲೇ ಮಾತಾಡ್ಲಿ ಬಿಡ್ರೀ ಅಕ್ಕಾರ,” ಎಂದು ಮಾಸ್ತರರು ನಕ್ಕರು. “ಇಂಗ್ಲಿಷ್ ಕೇಳಿ ಭಾಳ ದಿನಾ ಆತು. ಪುಕ್ಕಟೆ ಪರೀಕ್ಷಾನೂ ಆಗ್ತೈತಿ.”

ಅಕ್ಕ ಹೋಗಲಿಲ್ಲ. ಕಿಟಕಿಯ ಕಡೆ ತಿರುಗಿ ನಿಂತಳು. ಫೋನಿನ ದನಿ ಜೋರಾಗಿತ್ತು; ಲಗ್ನ ಬಿಟ್ಟು ಬೇರೆ ಕಾರಣವಿದೆಯೇ ಎಂದು ಕಾಲೇಜಿನ ಹೆಂಗಸು ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಅಪ್ಪ ಬೇಡವೆಂದು ತಲೆ ಅಲ್ಲಾಡಿಸಿದ. ಅಕ್ಕ ಅವನ ಕಡೆ ನೋಡಿರಲಿಲ್ಲ. ತನಗೆ ಮೂರ್ಛೆರೋಗವಿದೆ, ಚಿಕಿತ್ಸೆ ನಡೆದಿದೆ, ವೈದ್ಯರು ಬರೆದುಕೊಡುತ್ತಾರೆ ಎಂದು ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ಅನಾರೋಗ್ಯಕ್ಕೆ ಬಿಡುವು ಉಂಟು, ಮೊದಲೇ ಏಕೆ ಹೇಳಲಿಲ್ಲ, ವೈದ್ಯರ ಚೀಟಿ ಕಳಿಸಿದರೆ ನಿನ್ನ ಸೀಟೂ ಮಾನ್ಯತೆಯೂ ಉಳಿಯುತ್ತವೆ ಎಂದಿತು ಆ ದನಿ.

ನಾನು ತಟ್ಟೆಯನ್ನು ನೆಲಕ್ಕಿಟ್ಟೆ.

“ಏನಂದ್ಲರೀ?” ಎಂದು ಹುಡುಗನ ತಾಯಿ ಮಾಸ್ತರರನ್ನು ಕೇಳಿದರು.

ಅವರು ಅಪ್ಪನನ್ನೊಮ್ಮೆ ನೋಡಿದರು. “ಓದಿನ ಮಾತು. ರಜಾ ಸಿಕ್ಕಿತಂತ.”

ಇಬ್ಬರೂ ಚಹಾ ಕುಡಿದು ಹೋದರು. ಜಾತಕ ಕೂಡಲಿಲ್ಲವೆಂದು ಆಮೇಲೆ ಹೇಳಿ ಕಳಿಸಿದರು. ಅಪ್ಪ ಬಹಳ ದಿನ ಅಕ್ಕನ ಜೊತೆ ಮಾತಾಡಲಿಲ್ಲ. ಆದರೆ ಗುಳಿಗೆಗಳನ್ನು ತಾನೇ ಹೋಗಿ ತಂದ, ಈ ಸಲ ಕುಷ್ಟಗಿಯ ಅಂಗಡಿಯಿಂದಲೇ. ಮುಂದಿನ ವರ್ಷ ಅಕ್ಕ ಅದೇ ವೀಸಾದ ಮೇಲೆ ತಿರುಗಿ ಹೋಗಿ ಓದು ಮುಗಿಸಿದಳು.

ಅಪ್ಪ ಈಗಿಲ್ಲ. ಹುಡುಗನ ತಾಯಿಯೂ ತೀರಿಕೊಂಡರೆಂದು ಕೇಳಿದೆ. ಅಂದು ಆ ಪಡಸಾಲೆಯಲ್ಲಿದ್ದವರಲ್ಲಿ ಅಕ್ಕ, ನಾನು ಬಿಟ್ಟರೆ ಬದುಕಿರುವವರು ಇಬ್ಬರು: ಜಾತಕ ಕೂಡಿತ್ತೆಂದು ಇಂದಿಗೂ ವಾದಿಸುವ ಅತ್ತೆ, ಮತ್ತು ಅಕ್ಕ ಹೇಳಿದ್ದೆಲ್ಲ ತಿಳಿದೂ ‘ಓದಿನ ಮಾತು’ ಎಂದಿದ್ದ ತಾವರಗೇರಾದ ಮಾಸ್ತರರು.