ಗಿರಾಕಿ ಕಡೆಯ ಪರದೆ

ಹೊನ್ನಾಳಿಯ ಆ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಒಂದೇ, ಮಾನಿಟರ್ ಮಾತ್ರ ಎರಡು. ಒಂದು ಡಿಸೈನ್ ಮಾಡುವ ಸಂಧ್ಯಾರಾಣಿಯ ಎದುರಿಗೆ. ಇನ್ನೊಂದು ಅವಳಿಗೆ ಬೆನ್ನು ಹಾಕಿ ಗಿರಾಕಿಗಳ ಕಡೆ ಮುಖ ಮಾಡಿಕೊಂಡಿರುತ್ತದೆ. ಅದನ್ನು ಶೋಕಿಗೆ ಇಟ್ಟದ್ದಲ್ಲ. ನಮ್ಮ ಕಡೆ ಬದುಕಿದ್ದಾಗ ಒಂದು ಲೋಟ ನೀರು ಕೊಡದವರೂ ಸತ್ತ ಮೇಲೆ ಸರ್ಕಲ್ಲಿನಲ್ಲಿ ದೊಡ್ಡ ಬ್ಯಾನರ್ ಕಟ್ಟಿಸುತ್ತಾರೆ. ಫೋಟೊದ ಕೆಳಗೆ ‘ದುಃಖತಪ್ತ ಕುಟುಂಬ ವರ್ಗ’ ಎಂದು ಬರೆಸಿ ಸಾಲಾಗಿ ಹೆಸರು ಹಾಕಿಸುತ್ತಾರೆ. ಒಬ್ಬ ಅಳಿಯನ ಹೆಸರು ಬಿಟ್ಟುಹೋಯಿತೋ, ದುಃಖ ಮೂಲೆಗೆ ಬಿತ್ತು, ಜಗಳ ಅಂಗಡಿ ಬಾಗಿಲಿಗೆ ಬಂತು. ಹಾಗಾಗಿ ಗಿರಾಕಿ ತನ್ನ ಕಣ್ಣಾರೆ ಓದಿ ಒಪ್ಪಿದ ಮೇಲೆಯೇ ಪ್ರಿಂಟು ಎಂದು ಮಾಲೀಕ ಸತೀಶ್ ಕುಮಾರ್ ಕಟ್ಟುನಿಟ್ಟು ಮಾಡಿದ್ದ.

ಆವತ್ತು ಬೆಳಗ್ಗೆ ಆ ಗಿರಾಕಿ ಕಡೆಯ ಪರದೆಯೇ ಕಪ್ಪಾಗಿತ್ತು. ದೊಡ್ಡ ಫೈಲ್ ತೆರೆದರೆ ಕಂಪ್ಯೂಟರ್ ತೂಕಡಿಸುತ್ತದೆಂದು ಸತೀಶ್ ಹೊಸ ಗ್ರಾಫಿಕ್ಸ್ ಕಾರ್ಡ್ ತಂದು ಕೂರಿಸಿದ್ದ. ಎರಡನೇ ಮಾನಿಟರ್ ಹತ್ತಲಿಲ್ಲ. ‘ನೀನೇ ನೋಡಮ್ಮ’ ಎಂದು ಹೇಳಿ ನ್ಯಾಮತಿಗೆ ಬ್ಯಾನರ್ ಕಟ್ಟಲು ಹೊರಟುಹೋದ. ಕೆಡಿಸಿದವರು ಹೋಗುವುದು, ಸರಿಮಾಡುವವರು ಉಳಿಯುವುದು ಆ ಅಂಗಡಿಯಲ್ಲಿ ಹೊಸದೇನಲ್ಲ.

ಸಂಧ್ಯಾರಾಣಿ ವೈರುಗಳನ್ನು ಕಿತ್ತು ಚುಚ್ಚಿದಳು. ‘ನೋ ಸಿಗ್ನಲ್’. ಡ್ರೈವರ್ ಹಾಕಿ, ಆಫ್ ಮಾಡಿ ಆನ್ ಮಾಡಿದಳು. ಸೆಟ್ಟಿಂಗ್ಸಿಗೆ ಹೋಗಿ ಮಾನಿಟರ್ ಹುಡುಕು ಎಂದು ಒತ್ತಿದಳು. ಬೇರೆ ಯಾವ ಮಾನಿಟರೂ ಇಲ್ಲ ಎಂದು ಯಂತ್ರ ಸಾಧಿಸಿತು. ಅವಳಿಗೆ ಬೇಸರವೂ ಆಗಲಿಲ್ಲ. ಈಚೆಗೆ ಅವಳಿಗೆ ಯಾವುದೂ ಅಷ್ಟಾಗಿ ತಟ್ಟುತ್ತಿರಲಿಲ್ಲ. ಜಗಳೂರು ಕಡೆಯ, ಬೇರೆ ಜಾತಿಯ ನಿಂಗರಾಜನನ್ನು ಮದುವೆಯಾದಾಗ ಸಂತೇಬೆನ್ನೂರಿನ ಅವಳ ಅಪ್ಪ ನಾಗರಾಜಪ್ಪ ಬೈಯಲಿಲ್ಲ, ಹೊಡೆಯಲಿಲ್ಲ, ಮಾತು ಬಿಟ್ಟರು ಅಷ್ಟೆ. ಅವಳು ಅತ್ತಳು, ಫೋನ್ ಮಾಡಿದಳು, ಮತ್ತೆ ಅತ್ತಳು. ಮಗಳು ಕಾವ್ಯಶ್ರೀ ಹುಟ್ಟಿದಾಗಲೂ ಆ ಕಡೆಯಿಂದ ಯಾರೂ ಬರಲಿಲ್ಲ. ಆಮೇಲೆ ಒಂದು ದಿನ ಅಳು ನಿಂತಿತು. ನಿಂತದ್ದು ಒಳ್ಳೆಯದಾಯಿತು ಅಂದುಕೊಂಡಳು. ಹೊನ್ನಾಳಿಗೆ ಬಂದು ಡಿಸೈನ್ ಕಲಿತು ಊರಲ್ಲಿ ಸತ್ತವರ ಫೋಟೊಗಳಿಗೆ ಬೆಳಕು ತುಂಬುವ ಕೆಲಸಕ್ಕೆ ಕೂತಳು. ಆ ಕೆಲಸಕ್ಕೆ ಕಲ್ಲಿನಂಥ ಮನಸ್ಸೇ ಅನುಕೂಲ.

ಕೊನೆಗೆ ಮೇಜಿನ ಕೆಳಗೆ ತೂರಿ ಸಿಪಿಯು ಹಿಂಭಾಗಕ್ಕೆ ಮೊಬೈಲ್ ಬೆಳಕು ಬಿಟ್ಟಳು. ಗೊತ್ತಾಯಿತು. ತನ್ನ ಮಾನಿಟರಿನ ವೈರು ಹೊಸ ಕಾರ್ಡಿಗೆ ಸೇರಿತ್ತು. ಗಿರಾಕಿ ಮಾನಿಟರಿನದು ಮೇಲಿನ ಹಳೆಯ ಕಿಂಡಿಯಲ್ಲೇ ಇತ್ತು. ಹೊಸ ಕಾರ್ಡ್ ಬಂದ ಮೇಲೆ ಆ ಕಿಂಡಿ ಕೆಲಸ ಮಾಡುತ್ತಿರಲಿಲ್ಲ. ಹಳೆಯ ವೈರಿನ ಮೂತಿ ಹೊಸ ಕಾರ್ಡಿಗೆ ಹೊಂದುವುದಿಲ್ಲ, ನಡುವೆ ಒಂದು ಕನ್ವರ್ಟರ್ ಬೇಕು. ಅದು ಡ್ರಾಯರಿನಲ್ಲಿತ್ತು.

‘ಯಾರಮ್ಮ ಅಂಗಡಿಯಾಗೆ?’

ಆ ದನಿಯ ಗುರುತು ಹತ್ತಲು ಅವಳು ಮುಖ ನೋಡಬೇಕಿರಲಿಲ್ಲ. ದೊಡ್ಡಪ್ಪ ಮಹೇಶ್ವರಪ್ಪ. ಮೇಲೆದ್ದಳು. ದೊಡ್ಡಪ್ಪನ ಹಿಂದೆ ತಮ್ಮ ಗುರುಬಸವರಾಜ್ ತಲೆ ತಗ್ಗಿಸಿ ಮಂಕಾಗಿ ನಿಂತಿದ್ದ. ದೊಡ್ಡಪ್ಪ ಅವಳನ್ನು ನೋಡಿ, ತಿರುಗಿ ಅವನನ್ನು ನೋಡಿದರು.

‘ಚನ್ನಗಿರಿ ಬಿಟ್ಟು ಇಲ್ಲಿತನಕ ಯಾಕೆ ಕರ್ಕಂಡು ಬಂದಿ ಅಂತ ಈಗ ಗೊತ್ತಾತು ಬಿಡು.’

ತಮ್ಮ ಮುಂದೆ ಬಂದು ಪೆನ್‌ಡ್ರೈವ್ ಮೇಜಿನ ಮೇಲಿಟ್ಟ. ಅವಳು ಚುಚ್ಚಿ ತೆರೆದಳು. ಪರದೆ ತುಂಬ ಅಪ್ಪನ ಮುಖ ಬಂತು.

‘ಮೊನ್ನೆ ಲಿಂಗೈಕ್ಯನಾದ’ ಎಂದರು ದೊಡ್ಡಪ್ಪ ಗೋಡೆಯ ಕಡೆ ನೋಡುತ್ತ. ‘ನಾಳೆ ಗಣಾರಾಧನೆ, ಮಂದಿಗೆಲ್ಲ ಊಟ. ಹೊತ್ತಿಲ್ಲ, ಬೇಗ ಮಾಡು.’

‘ಮಣ್ಣು ಮಾಡಿದ್ದು?’

‘ತೋಟದಾಗೆ ಆತಕ್ಕಾ’ ಎಂದ ತಮ್ಮ. ‘ದೊಡ್ಡೋರು ನಿನಗೆ ಹೇಳಬ್ಯಾಡ ಅಂದಿದ್ರು.’

ಏನಾದರೂ ಆಗುತ್ತದೆಂದು ಅವಳು ಕಾದಳು. ಏನೂ ಆಗಲಿಲ್ಲ. ಹಲ್ಲು ಕೀಳಿಸಿಕೊಂಡ ದಿನ ಇಂಜೆಕ್ಷನ್ನಿನ ಜೋಮು ಇಳಿಯುವ ಮೊದಲು ದವಡೆ ಮುಟ್ಟಿಕೊಂಡ ಹಾಗಿತ್ತು. ಅಪ್ಪನ ಹಿಂದಿದ್ದ ಗೋಡೆ, ಕ್ಯಾಲೆಂಡರು ಅಳಿಸಿದಳು. ಕಿವಿಯ ಅಂಚನ್ನು ನಿಧಾನಕ್ಕೆ ಕತ್ತರಿಸಿದಳು. ಕೆನ್ನೆ ಬತ್ತಿತ್ತು, ಸ್ವಲ್ಪ ಬೆಳಕು ಕೊಟ್ಟಳು. ಎಲ್ಲರಿಗೂ ಮಾಡುವಂತೆಯೇ ಮಾಡಿದಳು.

‘ಹೆಸರು ಹೇಳ್ರಿ.’

ತಮ್ಮ ಹೇಳುತ್ತ ಹೋದ. ಅವ್ವ ಅನ್ನಪೂರ್ಣಮ್ಮ ಮೊದಲು, ಆಮೇಲೆ ಅವನು, ಅವನ ಹೆಂಡತಿ ರಮ್ಯಶ್ರೀ, ದೊಡ್ಡಪ್ಪ, ದೊಡ್ಡಪ್ಪನ ಮಕ್ಕಳು. ಹೇಳಿ ಮುಗಿಸಿ ಬಾಯಿ ತೆರೆದುಕೊಂಡೇ ನಿಂತ.

‘ಅಷ್ಟೇ’ ಎಂದರು ದೊಡ್ಡಪ್ಪ. ‘ಈ ಟೀವಿನಾಗೆ ಏನೂ ಕಾಣಾಕತ್ತಿಲ್ಲವಲ್ಲ?’

‘ಅದು ಕೆಟ್ಟೈತ್ರಿ.’

ಹಾಗೆನ್ನುತ್ತಲೇ ಅವಳ ಬೆರಳು ತನ್ನ ಹೆಸರನ್ನು ಒತ್ತಿ ಮುಗಿಸಿತ್ತು. ಅವ್ವನ ಹೆಸರಿನ ಪಕ್ಕದಲ್ಲಿ, ತಮ್ಮನಿಗಿಂತ ಮೊದಲು: ಸಂಧ್ಯಾರಾಣಿ. ಹಿರಿಯ ಮಗಳ ಜಾಗ ಅದೇ. ಹಾಗೆಯೇ ಪ್ರಿಂಟ್ ಕೊಟ್ಟು, ಸುರುಳಿ ಸುತ್ತಿ ಕೈಗಿಟ್ಟಿದ್ದರೆ ನಾಳೆ ಕಟ್ಟುವವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಷ್ಟು ಸುಲಭವಿತ್ತು. ಆದರೆ ಅಪ್ಪನ ಫೋಟೊದ ಕೆಳಗೆ ಕಳ್ಳಿಯ ಹಾಗೆ ನುಸುಳಿ ಕೂರುವುದು ಅವಳಿಂದಾಗಲಿಲ್ಲ. ಡ್ರಾಯರ್ ಎಳೆದು ಕನ್ವರ್ಟರ್ ತೆಗೆದಳು. ಮೇಜಿನ ಕೆಳಗೆ ಹೋಗಿ ವೈರನ್ನು ಹೊಸ ಕಾರ್ಡಿಗೆ ಕೂರಿಸಿದಳು. ಮೇಲೆ ಬಂದು ಎರಡರಲ್ಲೂ ಒಂದೇ ಕಾಣುವ ಹಾಗೆ ಮಾಡಿದಳು.

ಗಿರಾಕಿ ಕಡೆಯ ಪರದೆ ಒಂದು ಸಲ ಮಿನುಗಿ ಬೆಳಗಿತು.

‘ಓದಿ ನೋಡ್ರಿ ದೊಡ್ಡಪ್ಪ.’

ಮಹೇಶ್ವರಪ್ಪ ಕನ್ನಡಕ ಹಾಕಿಕೊಂಡು ಜೋರಾಗಿ ಓದತೊಡಗಿದರು. ಎರಡನೆಯ ಹೆಸರಿಗೆ ದನಿ ನಿಂತಿತು. ಬಯ್ಯುತ್ತಾರೆಂದು ತಮ್ಮ ಒಂದು ಹೆಜ್ಜೆ ಮುಂದೆ ಬಂದ. ಅವರು ಬಯ್ಯಲಿಲ್ಲ. ಕನ್ನಡಕ ತೆಗೆದು ಒರೆಸಿದರು.

‘ಹೆಸರು ಹಾಕಿದ ಮ್ಯಾಲೆ ಮನುಷ್ಯಾರು ಬರಬೇಕಾಗ್ತದೆ. ಇಲ್ಲಾಂದ್ರೆ ಜನ ಕೇಳ್ತಾರೆ. ನಾಳೆ ಬಾ.’

ತಮ್ಮ ಅಳತೊಡಗಿದ. ಅವಳಿಗೆ ಅವ್ವನ ಪಕ್ಕ ಚಾಪೆಯ ಮೇಲೆ ಕೂತ ಹಾಗೆ, ಅವ್ವ ಕೈ ಹಿಡಿದ ಹಾಗೆ ಕಣ್ಣಿಗೆ ಕಟ್ಟಿತು. ಎಷ್ಟೋ ವರ್ಷದ ಮೇಲೆ ಎದೆಯೊಳಗೆ ಏನೋ ಅಲುಗಿತು.

‘ಒಬ್ಬಾಕೇ ಬಾ’ ಎಂದರು ದೊಡ್ಡಪ್ಪ. ‘ಅವನು ಬ್ಯಾಡ. ಆ ಮಗೀನೂ ಬ್ಯಾಡ.’

ನಿಂಗರಾಜ ಟೆಂಪೊ ಓಡಿಸುತ್ತಾನೆ. ವಾರವಾರ ಸಂತೇಬೆನ್ನೂರಿನ ಸಂತೆಗೆ ಬಾಡಿಗೆ ಸಿಗಲಿ ಬಿಡಲಿ ಹೋಗುತ್ತಾನೆ. ದೂರದಲ್ಲಿ ನಿಂತು ನಾಗರಾಜಪ್ಪನವರನ್ನು ನೋಡಿಕೊಂಡು ಬಂದು, ಕೈಕಾಲು ತೊಳೆಯುವ ಮೊದಲೇ ‘ನಿಮ್ಮಪ್ಪ ಬಂದಿದ್ರು, ಆರಾಮಿದಾರೆ’ ಎಂದು ಹೇಳುತ್ತಾನೆ. ಅವಳು ಎಂದೂ ಕೇಳಿದ್ದಿಲ್ಲ. ಅವನು ಎಂದೂ ಹೇಳದೆ ಬಿಟ್ಟಿದ್ದಿಲ್ಲ. ಈ ವಾರದ ಸಂತೆ ಇನ್ನೂ ಬಂದಿರಲಿಲ್ಲ.

ಸಂಧ್ಯಾರಾಣಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಪ್ಪ ಸತ್ತ ನೋವೂ ಬಂತು. ಕಣ್ಣು ಮಂಜಾಗಿಯೇ ತನ್ನ ಹೆಸರಿನ ಮೇಲೆ ಮೌಸ್ ಎಳೆದಳು.

‘ಅಕ್ಕಾ, ಬ್ಯಾಡ’ ಎಂದ ತಮ್ಮ.

ಅಳಿಸಿದಳು. ಎರಡೂ ಪರದೆಯಲ್ಲಿ ಒಟ್ಟಿಗೇ ಹೋಯಿತು. ಅವ್ವನ ಹೆಸರಿಗೂ ತಮ್ಮನ ಹೆಸರಿಗೂ ನಡುವೆ ಒಂದು ಖಾಲಿ ಜಾಗ ಉಳಿಯಿತು. ಅವಳು ತಮ್ಮನ ಹೆಸರನ್ನು ಎಳೆದು ಅವ್ವನ ಪಕ್ಕಕ್ಕೆ ತಂದಳು, ಉಳಿದವರನ್ನೂ ಒತ್ತಿ ಸಾಲು ಸಮ ಮಾಡಿದಳು. ಅಲ್ಲಿ ಇನ್ನೊಂದು ಹೆಸರಿತ್ತೆಂದು ಯಾರಿಗೂ ತಿಳಿಯುವಂತಿರಲಿಲ್ಲ.

ಸೆರಗಿನಿಂದ ಮುಖ ಒರೆಸಿಕೊಂಡು, ‘ಎಷ್ಟು ಅಡಿ ಬೇಕ್ರಿ?’ ಎಂದು ಕೇಳಿದಳು.